ದದ್ದೇ ಏಳದ ದಡಾರ

ದಡಾರ ಬಂದ ಮಗುವಿನ ಮೈಮೇಲೆ ಕೆಂಪು ಕೆಂಪು ದದ್ದು ಏಳುತ್ತವಲ್ಲ, ಅವನ್ನು ಎಬ್ಬಿಸುವವರು ಯಾರು?

"ದಡಾರದ ವೈರಸ್ಸೇ, ಮತ್ಯಾರು?" ಎಂದು ನೀವು ಥಟ್ಟನೆ ಹೇಳಬಹುದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅಜ್ಜಿಯರು ಈ ಕಾಯಿಲೆಗೆ ಗೊಬ್ಬರ ಎಂದೂ ಅನ್ನುತ್ತಾರೆ. "ಕೂಸಿಗೆ ಗೊಬ್ಬರ ಎದ್ದಾವ, ಹೊರಗ ಬಿಡಬ್ಯಾಡ್ರಿ" ಎಂದು ಹೇಳಿ, ಹಾಸಿಗೆಯ ಪಕ್ಕ ಬೇವಿನ ಸೊಪ್ಪು ಇಡುತ್ತಾರೆ. ಮಗುವನ್ನು ಹೊರಗೆ ಬಿಡಬಾರದು ಎಂಬ ಅಜ್ಜಿಯ ಮಾತು ತುಂಬ ಸರಿಯಾದ ಮಾತು. ಅದು ಏಕೆ ಸರಿ ಎಂಬುದನ್ನು ಆಮೇಲೆ ನೋಡೋಣ. ಮೊದಲು ದದ್ದಿನ ವಿಚಾರ.

ದಡಾರದ ವೈರಸ್ ಉಸಿರಿನ ಜತೆ ಒಳಗೆ ಹೋಗುತ್ತದೆ. ಹೋದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಸುಮಾರು ಹತ್ತು ದಿನ ಅದು ಸದ್ದಿಲ್ಲದೆ ಹೆಚ್ಚುತ್ತ ಹೋಗುತ್ತದೆ. ಆಮೇಲೆ ಜ್ವರ, ಕೆಮ್ಮು, ನೆಗಡಿ, ಕೆಂಪೇರಿದ ಕಣ್ಣು. ಹದಿನಾಲ್ಕನೇ ದಿನದ ಹೊತ್ತಿಗೆ ಕಿವಿಯ ಹಿಂದೆ, ಮುಖದ ಮೇಲೆ ದದ್ದು ಕಾಣಿಸಿಕೊಂಡು ಮೈಗೆಲ್ಲ ಇಳಿಯುತ್ತವೆ. ಅಷ್ಟರೊಳಗೆ ನಮ್ಮ ರಕ್ತದಲ್ಲಿರುವ ಬಿಳಿ ರಕ್ತಕಣಗಳು ಈ ವೈರಸ್ಸಿನ ಗುರುತು ಹಿಡಿದಿರುತ್ತವೆ. ಅವುಗಳಲ್ಲಿ ಟಿ ಕಣಗಳು ಎಂಬ ಒಂದು ಜಾತಿಯಿದೆ. ಚರ್ಮದಲ್ಲಿ ಎಲ್ಲೆಲ್ಲಿ ವೈರಸ್ ಹೊಕ್ಕಿದೆಯೋ ಅಲ್ಲಲ್ಲಿಗೆ ಟಿ ಕಣಗಳು ಹುಡುಕಿಕೊಂಡು ಹೋಗಿ, ಸೋಂಕು ತಗುಲಿದ ಜೀವಕೋಶಗಳನ್ನು ನಾಶ ಮಾಡುತ್ತವೆ. ಆಗ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿ, ಚರ್ಮ ಕೆಂಪಾಗುತ್ತದೆ.

ಹಾಗಾದರೆ ದದ್ದನ್ನು ಎಬ್ಬಿಸಿದ್ದು ವೈರಸ್ ಅಲ್ಲ, ನಮ್ಮ ದೇಹವೇ! ದದ್ದು ಎದ್ದಿದೆ ಎಂದರೆ ಒಳಗಿನ ಟಿ ಕಣಗಳು ಎದ್ದು ಕೆಲಸಕ್ಕೆ ಹೊರಟಿವೆ ಎಂದರ್ಥ.

ಈಗ ಇನ್ನೊಂದು ಪ್ರಶ್ನೆ. ಯಾರ ದೇಹದಲ್ಲಿ ಟಿ ಕಣಗಳು ಬಹಳ ಕಡಿಮೆ ಇವೆಯೋ, ಅಥವಾ ಔಷಧಿಯಿಂದ ಅವು ಮಂಕಾಗಿವೆಯೋ, ಅವರಿಗೆ ದಡಾರ ಬಂದರೆ ಏನಾಗುತ್ತದೆ?

ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಬೋಸ್ಟನ್ ನಗರದಲ್ಲಿ. ಅಲ್ಲಿ ಜಾನ್ ಎಂಡರ್ಸ್ ಎಂಬ ವಿಜ್ಞಾನಿ ಇದ್ದರು. ಪೋಲಿಯೊ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸುವ ದಾರಿ ಕಂಡುಹಿಡಿದದ್ದಕ್ಕೆ ಅವರಿಗೂ ಅವರ ಇಬ್ಬರು ಜತೆಗಾರರಿಗೂ 1954ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಬೋಸ್ಟನ್ ಹತ್ತಿರದ ಒಂದು ಶಾಲೆಯಲ್ಲಿ ದಡಾರ ಹಬ್ಬಿತು. ಎಂಡರ್ಸ್ ಅವರ ಪ್ರಯೋಗಾಲಯದ ಥಾಮಸ್ ಪೀಬಲ್ಸ್ ಎಂಬ ಯುವ ಡಾಕ್ಟರು ಶಾಲೆಗೆ ಹೋಗಿ, ಕಾಯಿಲೆ ಬಿದ್ದ ಹುಡುಗರ ಗಂಟಲಿನ ದ್ರವವನ್ನೂ ರಕ್ತವನ್ನೂ ಸಂಗ್ರಹಿಸಿ ತಂದರು. ಡೇವಿಡ್ ಎಡ್ಮನ್‌ಸ್ಟನ್ ಎಂಬ ಹುಡುಗ ಕೊಟ್ಟದ್ದರಲ್ಲಿ ವೈರಸ್ ಸಿಕ್ಕಿತು. ಅದನ್ನು ಮತ್ತೆ ಮತ್ತೆ ಬೆಳೆಸಿ, ಅದರ ಬಲ ಇಳಿಸಿ, 1963ರ ಹೊತ್ತಿಗೆ ದಡಾರದ ಲಸಿಕೆ ತಯಾರಾಯಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ದಡಾರ-ರುಬೆಲ್ಲಾ ಲಸಿಕೆಯಲ್ಲೂ ಆ ಹುಡುಗನ ವೈರಸ್ಸಿನ ಸಂತತಿಯೇ ಇದೆ. ಆ ತಳಿಯ ಹೆಸರು ಎಡ್ಮನ್‌ಸ್ಟನ್-ಜಾಗ್ರೆಬ್. ಬೋಸ್ಟನ್ ಹತ್ತಿರದ ಒಬ್ಬ ಶಾಲಾ ಹುಡುಗನಿಗೂ ಮುದ್ದೇಬಿಹಾಳದ ಅಂಗನವಾಡಿಗೂ ಹೀಗೊಂದು ನಂಟು!

ಎಂಡರ್ಸ್ ತಂಡ 1959ರಲ್ಲಿ ಇನ್ನೊಂದು ವಿಚಾರವನ್ನು ವರದಿ ಮಾಡಿತು. ಬೇರೆ ದೊಡ್ಡ ಕಾಯಿಲೆಗಳಿಂದ ಮೊದಲೇ ನರಳುತ್ತಿದ್ದ ಕೆಲವು ಮಕ್ಕಳು ವಿಚಿತ್ರವಾದ ನ್ಯುಮೋನಿಯಾದಿಂದ ತೀರಿಕೊಂಡಿದ್ದರು. ಅವರ ಶ್ವಾಸಕೋಶದ ಜೀವಕೋಶಗಳು ಒಂದಕ್ಕೊಂದು ಕೂಡಿಕೊಂಡು ದೈತ್ಯ ಜೀವಕೋಶಗಳಾಗಿದ್ದವು. ಅಲ್ಲಿ ಹುಡುಕಿದರೆ ಸಿಕ್ಕಿದ್ದು ದಡಾರದ ವೈರಸ್! ಆದರೆ ಆ ಮಕ್ಕಳ ಮೈಮೇಲೆ ಒಂದೇ ಒಂದು ದದ್ದು ಎದ್ದಿರಲಿಲ್ಲ. ಅದು ದಡಾರ ಎಂದು ಗುರುತು ಹಿಡಿಯುವುದಾದರೂ ಹೇಗೆ? ವೈರಸ್ಸನ್ನು ತಡೆಯುವ ಶಕ್ತಿ ಕುಂದಿದ ದೇಹದಲ್ಲಿ ದದ್ದು ಏಳದೆಯೇ ಇರಬಹುದು. ಕಾಯಿಲೆ ಮಾತ್ರ ಸುಮ್ಮನೆ ಒಳಗೊಳಗೇ ಬೆಳೆಯುತ್ತದೆ.

ಈ ಸಂಗತಿಯನ್ನು ನಾನು ಮರೆಯಲಾರೆ. ಕಣ್ಣಿಗೆ ಕಾಣುವ ಕಾಯಿಲೆಗಿಂತ ಕಾಣದ ಕಾಯಿಲೆಗೆ ನಾವು ಹೆಚ್ಚು ಎಚ್ಚರವಾಗಿರಬೇಕಾಗುತ್ತದೆ.

ಹೀಗೆ ರೋಗನಿರೋಧಕ ಶಕ್ತಿ ಕುಂದಿದವರು ಎಲ್ಲಿರುತ್ತಾರೆ? ನಮ್ಮ ನಡುವೆಯೇ. ನಿಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳಿ. ಅವಳಿಗೆ ರಕ್ತದ ಕ್ಯಾನ್ಸರ್ ಆಗಿದೆ. ಅವಳ ಅಪ್ಪ-ಅಮ್ಮ ಅವಳನ್ನು ಸೊಲ್ಲಾಪುರಕ್ಕೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಕರೆದುಕೊಂಡು ಹೋಗಿ ಚಿಕಿತ್ಸೆ ಕೊಡಿಸುತ್ತಿದ್ದಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡು ವರ್ಷಕ್ಕೂ ಮೇಲೆ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ಚೆನ್ನಾಗಿ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಆದರೆ ಕೆಟ್ಟ ಕಣಗಳನ್ನು ಕೊಲ್ಲುವ ಆ ಔಷಧಿ ಒಳ್ಳೆಯ ಬಿಳಿ ರಕ್ತಕಣಗಳನ್ನೂ ಕಡಿಮೆ ಮಾಡುತ್ತದೆ. ತಲೆಗೂದಲು ಉದುರಿದ್ದು ಕಾಣುತ್ತದೆ, ಬಿಳಿ ರಕ್ತಕಣ ಕಡಿಮೆಯಾದದ್ದು ಕಾಣುವುದಿಲ್ಲ.

ಅವಳೊಬ್ಬಳೇ ಅಲ್ಲ. ಮೂತ್ರಪಿಂಡದ ತೊಂದರೆಯಿಂದ ಮುಖ, ಕಾಲು ಊದಿಕೊಂಡು ತಿಂಗಳುಗಟ್ಟಲೆ ಸ್ಟೀರಾಯ್ಡ್ ಗುಳಿಗೆ ನುಂಗುವ ಮಕ್ಕಳಿದ್ದಾರೆ. ಬೇರೆಯವರ ಮೂತ್ರಪಿಂಡ ಜೋಡಿಸಿಕೊಂಡವರಿದ್ದಾರೆ. ಹೊಸ ಅಂಗವನ್ನು ದೇಹ ಹೊರಗಿನದೆಂದು ತಿರಸ್ಕರಿಸದಿರಲಿ ಎಂದು ಅವರು ಜೀವನಪೂರ್ತಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳಬೇಕು. ಎಚ್‌ಐವಿ ಇರುವವರಿದ್ದಾರೆ, ಆ ವೈರಸ್ ಟಿ ಕಣಗಳ ಒಳಗೇ ಹೊಕ್ಕು ಅವನ್ನು ನಾಶ ಮಾಡುತ್ತದೆ. ದಿನಾ ತಪ್ಪದೆ ಗುಳಿಗೆ ತೆಗೆದುಕೊಂಡರೆ ಆ ಕಣಗಳು ಮತ್ತೆ ಹೆಚ್ಚುತ್ತವೆ. ಗುಲ್ಮವನ್ನು ತೆಗೆಸಿಕೊಂಡವರು, ತೀರಾ ಸೊರಗಿದ ಪುಟ್ಟ ಮಕ್ಕಳು, ವಯಸ್ಸಾದ ಅಜ್ಜ-ಅಜ್ಜಿಯರು, ಎಲ್ಲರೂ ಈ ಸಾಲಿನವರೇ. ಇವರ ಪಕ್ಕ ಕೂತರೆ, ಜತೆಗೆ ಬುತ್ತಿ ಬಿಚ್ಚಿ ರೊಟ್ಟಿ ತಿಂದರೆ, ಆಟ ಆಡಿದರೆ ಕ್ಯಾನ್ಸರ್ ಅಂಟುವುದಿಲ್ಲ, ಎಚ್‌ಐವಿಯೂ ಅಂಟುವುದಿಲ್ಲ. ನಿಜ ಹೇಳಬೇಕೆಂದರೆ ಅಪಾಯ ಇರುವುದು ಅವರಿಂದ ನಮಗಲ್ಲ, ನಮ್ಮ ಕೆಮ್ಮು ನೆಗಡಿಯಿಂದ ಅವರಿಗೆ.

ಇಂಥ ಮಗು ಮನೆಯಲ್ಲಿದ್ದಾಗ ಬಂಧುಗಳು ಪ್ರೀತಿಯಿಂದಲೇ ಒಂದು ಮಾತು ಆಡುತ್ತಾರೆ. "ಮೊದಲಽ ಸೊರಗೇದ ಕೂಸು, ಮತ್ಯಾಕ ಸೂಜಿ ಚುಚ್ಚಸ್ತೀರಿ? ತಡಕೊಳ್ಳೂದಿಲ್ಲ ಅದು." ಈ ಮಾತಿನ ಹಿಂದೆ ಇರುವ ಕಕ್ಕುಲಾತಿ ದೊಡ್ಡದು. ಆದರೆ ಇದರಿಂದ ಮಗುವಿಗೆ ಆಗುವ ನಷ್ಟವೂ ದೊಡ್ಡದು. ಯಾರಿಗೆ ಕಾಯಿಲೆ ಬಂದರೆ ತಡೆದುಕೊಳ್ಳುವುದು ಕಷ್ಟವೋ ಅವರಿಗೇ ಲಸಿಕೆ ಎಲ್ಲರಿಗಿಂತ ಹೆಚ್ಚು ಬೇಕು. ಯಾವ ಲಸಿಕೆ, ಯಾವಾಗ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಅದಕ್ಕೆ ಲಸಿಕೆಗಳಲ್ಲಿ ಎರಡು ಬಗೆ ಇವೆ ಎಂಬುದು ಗೊತ್ತಿರಬೇಕು.

ಒಂದು ಬಗೆಯ ಲಸಿಕೆಯಲ್ಲಿ ಜೀವಂತ ಕ್ರಿಮಿಯೇ ಇರುತ್ತದೆ, ಆದರೆ ಅದರ ಬಲ ಇಳಿಸಿರುತ್ತಾರೆ. ದಡಾರ-ರುಬೆಲ್ಲಾ, ಹುಟ್ಟಿದಾಗ ತೋಳಿಗೆ ಹಾಕುವ ಬಿಸಿಜಿ, ಪೋಲಿಯೊ ಹನಿ, ರೋಟಾ ವೈರಸ್ ಹನಿ, ಸೀತಾಳೆ ಸಿಡುಬಿನ ಲಸಿಕೆ ಈ ಬಗೆಯವು. ಇನ್ನೊಂದು ಬಗೆಯಲ್ಲಿ ಸತ್ತ ಕ್ರಿಮಿ, ಅದರ ಒಂದು ಚೂರು, ಅಥವಾ ಅದರ ವಿಷವನ್ನು ಸೌಮ್ಯ ಮಾಡಿದ ರೂಪ ಮಾತ್ರ ಇರುತ್ತದೆ. ಐದು ಕಾಯಿಲೆಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್, ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೊ ಸೂಜಿ, ಧನುರ್ವಾಯು ಮತ್ತು ಗಂಟಲಮಾರಿ ತಡೆಯಲು 10 ಮತ್ತು 16ನೇ ವಯಸ್ಸಿಗೆ ಹಾಕುವ ಟಿಡಿ, ನಾಯಿ ಕಚ್ಚಿದಾಗ ಹಾಕುವ ರೇಬೀಸ್ ಲಸಿಕೆ, ಫ್ಲೂ ಸೂಜಿ ಎಲ್ಲ ಈ ಬಗೆಯವು.

ಎರಡನೇ ಬಗೆಯಲ್ಲಿ ಜೀವವೇ ಇಲ್ಲ. ಸತ್ತದ್ದು ಮತ್ತೆ ಬೆಳೆಯಲಾರದು. ಹಾಗಾಗಿ ಎಷ್ಟೇ ಬಲಹೀನ ದೇಹವಾದರೂ ಆ ಲಸಿಕೆಯಿಂದ ಆ ಕಾಯಿಲೆ ಬರುವುದು ಸಾಧ್ಯವೇ ಇಲ್ಲ. ತೊಂದರೆ ಬೇರೆಯದು. ದೇಹ ಸೊರಗಿದ್ದಾಗ ಲಸಿಕೆ ತೋರಿಸಿದ ಗುರುತನ್ನು ಅದು ಅರೆಬರೆ ಹಿಡಿಯುತ್ತದೆ. ಆಗ ಡಾಕ್ಟರು ಪ್ರಮಾಣ ಹೆಚ್ಚಿಸುತ್ತಾರೆ, ಅಥವಾ ಒಂದು ಡೋಸ್ ಜಾಸ್ತಿ ಕೊಡುತ್ತಾರೆ. ಮೂತ್ರಪಿಂಡ ಸೋತು ಯಂತ್ರದಿಂದ ರಕ್ತ ಶುದ್ಧಿ (ಡಯಾಲಿಸಿಸ್) ಮಾಡಿಸಿಕೊಳ್ಳುವ ದೊಡ್ಡವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಬೇರೆಯವರಿಗಿಂತ ಎರಡು ಪಟ್ಟು ಪ್ರಮಾಣದಲ್ಲಿ ಕೊಟ್ಟು, ಆಮೇಲೆ ರಕ್ತ ಪರೀಕ್ಷೆ ಮಾಡಿ ಕ್ರಿಮಿಯನ್ನು ಹಿಡಿದು ತಡೆಯುವ ಪ್ರತಿಕಾಯ ಸಾಕಷ್ಟು ಹುಟ್ಟಿದೆಯೇ ಎಂದು ನೋಡುತ್ತಾರೆ.

ಮೊದಲನೇ ಬಗೆಯ, ಅಂದರೆ ಜೀವಂತ ಲಸಿಕೆಯ ವಿಚಾರದಲ್ಲಿ ಕಾಲ ನೋಡಬೇಕು. ರೋಗನಿರೋಧಕ ಶಕ್ತಿ ತೀರಾ ಇಳಿದಿರುವಾಗ ಅದನ್ನು ಹಾಕುವುದಿಲ್ಲ. ಅಂಗ ಜೋಡಣೆಗೆ ಕನಿಷ್ಠ ನಾಲ್ಕು ವಾರ ಮುಂಚೆಯೇ ಹಾಕಿ ಮುಗಿಸುತ್ತಾರೆ. ಕ್ಯಾನ್ಸರ್ ಔಷಧಿ ನಿಂತು ಕೆಲವು ತಿಂಗಳು ಕಳೆದ ಮೇಲೆ ಮತ್ತೆ ಹಾಕುತ್ತಾರೆ. ಎಚ್‌ಐವಿ ಇರುವ ಮಗುವಿನ ಟಿ ಕಣಗಳ ಸಂಖ್ಯೆ ಚೆನ್ನಾಗಿದ್ದರೆ ದಡಾರದ ಲಸಿಕೆ ಹಾಕಬಹುದು. ಇದನ್ನೆಲ್ಲ ತೀರ್ಮಾನ ಮಾಡಬೇಕಾದವರು ಆ ಮಗುವಿಗೆ ಚಿಕಿತ್ಸೆ ಕೊಡುವ ಡಾಕ್ಟರು. ಸೂಜಿ ಬೇಡ ಎಂದು ಮನೆಯವರೇ ನಿರ್ಧರಿಸಬಾರದು, ಹಾಕಿಬಿಡಿ ಎಂದು ಪಕ್ಕದ ಮನೆಯವರು ಒತ್ತಾಯಿಸಲೂಬಾರದು. "ಡಾಕ್ಟರೇ, ಈಗ ಯಾವ ಲಸಿಕೆ ಹಾಕಬಹುದು?" ಎಂದು ಕೇಳಬೇಕು. ಆ ಒಂದು ಪ್ರಶ್ನೆ ಕೇಳದೆ ಎಷ್ಟೋ ಮಕ್ಕಳ ಲಸಿಕೆ ನಿಂತುಹೋಗುತ್ತದೆ.

ಕೊರೋನಾ ಕಾಲ ನಿಮಗೆ ಅರೆಬರೆ ನೆನಪಿರಬಹುದು. 2021ರ ಮಾರ್ಚ್ 1ರಿಂದ ನಮ್ಮ ದೇಶದಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಅವರ ಜತೆಗೇ, 45ರಿಂದ 59ರ ವಯಸ್ಸಿನವರಲ್ಲಿ ಯಾರಿಗೆ ದೊಡ್ಡ ಕಾಯಿಲೆ ಇದೆಯೋ ಅವರನ್ನೂ ಕರೆದರು. ಅದಕ್ಕೆ 20 ಕಾಯಿಲೆಗಳ ಪಟ್ಟಿ ಮಾಡಿದ್ದರು. ಮೂತ್ರಪಿಂಡ ಜೋಡಿಸಿಕೊಂಡವರು, ಡಯಾಲಿಸಿಸ್ ಮಾಡಿಸುವವರು, ರಕ್ತದ ಕ್ಯಾನ್ಸರ್ ಇದ್ದವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಎಚ್‌ಐವಿ ಇದ್ದವರು ಎಲ್ಲ ಆ ಪಟ್ಟಿಯಲ್ಲಿದ್ದರು. ನೋಡಿ, ಲಸಿಕೆ ಎಲ್ಲರಿಗೂ ಸಾಲದಿದ್ದ ಕಾಲದಲ್ಲಿ ಸಾಲಿನ ಮುಂದೆ ನಿಲ್ಲಿಸಿದ್ದು ಗಟ್ಟಿಮುಟ್ಟಾದ ಜಟ್ಟಿಗಳನ್ನಲ್ಲ.

ಈ ವಿಚಾರ ಬಂದಾಗ ಜಪಾನಿನ ವಿಜ್ಞಾನಿ ಮಿಚಿಯಾಕಿ ತಕಾಹಾಶಿ ಅವರ ಕತೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1964ರಲ್ಲಿ ಅವರು ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದರು. ಅವರ ಮೂರು ವರ್ಷದ ಮಗನಿಗೆ ಸೀತಾಳೆ ಸಿಡುಬು ಬಂತು. ಮೈತುಂಬ ನೀರುಗುಳ್ಳೆ, ಸುಡುವ ಜ್ವರ, ಉಸಿರಾಡಲೂ ಕಷ್ಟ. ಅಪ್ಪ-ಅಮ್ಮ ಇಬ್ಬರೂ ಮಗನ ಪಕ್ಕವೇ ಕೂತು ರಾತ್ರಿ ಕಳೆದರು. ಹುಡುಗ ಹುಷಾರಾದ. ಆದರೆ ತಾನು ವೈರಸ್ ಬಗ್ಗೆ ಓದಿದವನು, ಈ ಕಾಯಿಲೆಗೆ ಏನಾದರೂ ಮಾಡಬೇಕು ಎಂದು ತಕಾಹಾಶಿ ಆಗಲೇ ನಿಶ್ಚಯ ಮಾಡಿದರು. ಒಸಾಕಾಗೆ ಮರಳಿದ ಮೇಲೆ, ಓಕಾ ಎಂಬ ಮನೆತನದ ಒಬ್ಬ ಹುಡುಗನ ನೀರುಗುಳ್ಳೆಯಿಂದ ವೈರಸ್ ತೆಗೆದು, ಬೇರೆ ಬೇರೆ ಜೀವಕೋಶಗಳಲ್ಲಿ ಬೆಳೆಸುತ್ತ ಅದರ ಬಲ ಇಳಿಸಿದರು.

1974ರಲ್ಲಿ ಅವರು ಈ ಲಸಿಕೆಯ ಮೊದಲ ವರದಿ ಪ್ರಕಟಿಸಿದರು. ಲಸಿಕೆ ಕೊಟ್ಟದ್ದು ಯಾರಿಗೆ ಗೊತ್ತೇ? ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಬ್ಬರಿಗೆ ಸೀತಾಳೆ ಸಿಡುಬು ಕಾಣಿಸಿಕೊಂಡಿತ್ತು. ಅದೇ ವಾರ್ಡಿನಲ್ಲಿ ಮೂತ್ರಪಿಂಡದ ಕಾಯಿಲೆಯ ಮಕ್ಕಳೂ ಇದ್ದರು, ಕೆಲವರು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರು. ಅಂಥವರಿಗೆ ಸೀತಾಳೆ ತಗುಲಿದರೆ ಪ್ರಾಣಕ್ಕೇ ಅಪಾಯ. ಕೂಡಲೇ ಉಳಿದ ಮಕ್ಕಳಿಗೆ ಲಸಿಕೆ ಹಾಕಿ ವಾರ್ಡಿನಲ್ಲಿ ಕಾಯಿಲೆ ಹಬ್ಬದಂತೆ ತಡೆದರು. ಇವತ್ತು ಜಗತ್ತಿನ ಕೋಟ್ಯಂತರ ಆರೋಗ್ಯವಂತ ಮಕ್ಕಳಿಗೆ ಹಾಕುವ ಸೀತಾಳೆ ಲಸಿಕೆಯ ಮೊದಲ ವರದಿಯೇ ಆಸ್ಪತ್ರೆಯಲ್ಲಿ ಮಲಗಿದ್ದ ಬಲಹೀನ ಮಕ್ಕಳದು! ಆ ವೈರಸ್ ತಳಿಗೆ ಈಗಲೂ ಓಕಾ ಎಂದೇ ಹೆಸರು.

ಈಗ ನಿಮ್ಮ ಸರದಿ. ತರಗತಿಯ ಆ ಹುಡುಗಿಗೆ ದಡಾರದ ಲಸಿಕೆಯನ್ನು ಸದ್ಯಕ್ಕೆ ಹಾಕುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವಳನ್ನು ಕಾಯುವವರು ಯಾರು?

ಸುತ್ತ ನಾಲ್ಕೂ ಕಡೆಯ ಹೊಲದವರು ಬೇಲಿ ಹಾಕಿಕೊಂಡರೆ, ನಡುವಿನ ಹೊಲಕ್ಕೆ ಬೇಲಿ ಇಲ್ಲದಿದ್ದರೂ ಕಾಡುಹಂದಿ ಅಲ್ಲಿಗೆ ನುಗ್ಗಲಾರದು. ಒಬ್ಬರು ಬಿಟ್ಟರೂ ಸಾಕು, ಅದೇ ಹಂದಿಗೆ ದಾರಿ. ದಡಾರದ ವಿಷಯದಲ್ಲಿ ನೀವು, ನಿಮ್ಮ ತಮ್ಮ ತಂಗಿಯರು, ನಿಮ್ಮ ಮೇಷ್ಟ್ರು, ಅವಳ ಮನೆಯವರು ಎಲ್ಲ ಸುತ್ತಲಿನ ಹೊಲದವರು.

ದಡಾರದಷ್ಟು ಬೇಗ ಹರಡುವ ಕಾಯಿಲೆ ಇನ್ನೊಂದಿಲ್ಲ ಎಂದೇ ಹೇಳಬಹುದು. ಯಾರಿಗೂ ಲಸಿಕೆ ಆಗಿರದ ಊರಿನಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಅಂಟುತ್ತದೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ತಾಸಿನವರೆಗೆ ವೈರಸ್ ತೇಲುತ್ತಿರಬಲ್ಲದು. ಇನ್ನೊಂದು ಕಷ್ಟವೂ ಇದೆ. ದದ್ದು ಏಳುವ ನಾಲ್ಕು ದಿನ ಮುಂಚಿನಿಂದಲೇ ಅದು ಬೇರೆಯವರಿಗೆ ಅಂಟಲು ಶುರುವಾಗುತ್ತದೆ. ಆಗ ಅದು ಬರೀ ನೆಗಡಿಯಂತೆ ಕಾಣುತ್ತದೆ. ದದ್ದು ಎದ್ದ ಮೇಲೂ ನಾಲ್ಕು ದಿನ ಅಂಟುತ್ತದೆ. ಮಗುವನ್ನು ಹೊರಗೆ ಬಿಡಬೇಡಿ ಎಂದು ಅಜ್ಜಿ ಹೇಳಿದ್ದು ಎಷ್ಟು ಸರಿ ನೋಡಿ! ಅಜ್ಜಿ ಕಾಯುವುದು ದದ್ದು ಎದ್ದ ಮೇಲಿನ ದಿನಗಳನ್ನು. ಅದಕ್ಕೂ ಮುಂಚಿನ ನಾಲ್ಕು ದಿನಗಳಲ್ಲಿ ಕಾಯುವುದು ಲಸಿಕೆ ಒಂದೇ.

ಇಷ್ಟು ಚುರುಕಾದ ಕಾಯಿಲೆಯನ್ನು ತಡೆಯಬೇಕಾದರೆ 100ರಲ್ಲಿ 95 ಜನಕ್ಕೆ ಎರಡೂ ಡೋಸ್ ಆಗಿರಬೇಕು. 40 ಮಕ್ಕಳ ತರಗತಿಯಲ್ಲಿ ಲೆಕ್ಕ ಹಾಕಿ. 38 ಮಕ್ಕಳಿಗೆ ಆಗಿರಬೇಕು. ಬಿಡುವು ಇರುವುದು ಇಬ್ಬರಿಗೆ ಮಾತ್ರ. ಆ ಎರಡು ಜಾಗ ನಿಜವಾಗಿಯೂ ಲಸಿಕೆ ತೆಗೆದುಕೊಳ್ಳಲಾಗದವರಿಗೆ ಮೀಸಲು. ಸೂಜಿಗೆ ಹೆದರಿ ಓಡಿಹೋದ ಗಟ್ಟಿಮುಟ್ಟು ಹುಡುಗ ಅದರಲ್ಲಿ ಒಂದನ್ನು ಹಿಡಿದುಕೊಂಡರೆ ಆ ಹುಡುಗಿಗೆ ಎಲ್ಲಿ ಜಾಗ?

ಗಟ್ಟಿಮುಟ್ಟು ಮಕ್ಕಳಿಗೂ ದಡಾರ ಸುಮ್ಮನೆ ಬಂದು ಹೋಗುವುದಿಲ್ಲ. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಲಸಿಕೆ ಹಾಕಿಸಿರದ ನೆದರ್‌ಲೆಂಡ್ಸ್ ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. ಹಿಂದೆ ಬಂದಿದ್ದ ಬೇರೆ ಬೇರೆ ಕಾಯಿಲೆಗಳ ವಿರುದ್ಧ ಅವರ ದೇಹ ಮಾಡಿಟ್ಟುಕೊಂಡಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು! ದೇಹ ವರ್ಷಗಟ್ಟಲೆ ಕಲಿತದ್ದನ್ನು ದಡಾರ ಮರೆಸಿಬಿಡುತ್ತದೆ. ಅಂದರೆ ಅದು ಗಟ್ಟಿ ಮಗುವನ್ನೂ ಕೆಲವು ಕಾಲ ರೋಗನಿರೋಧಕ ಶಕ್ತಿ ಕುಂದಿದ ಮಗುವನ್ನಾಗಿ ಮಾಡುತ್ತದೆ. ಲಸಿಕೆ ಹಾಗೆ ಮಾಡುವುದಿಲ್ಲ.

ಲಸಿಕೆಯ ಬದಲು ನಿಂಬೆಹಣ್ಣು ತಿಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಇಂಡಿಯ ನಿಂಬೆ ಬಲು ಹೆಸರಾದದ್ದು. ಅದರಲ್ಲಿ ಸಿ ವಿಟಮಿನ್ ಇದೆ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಶೇಂಗಾ, ಮೊಸರು ಎಲ್ಲ ತಿನ್ನಿ, ಬಿಳಿ ರಕ್ತಕಣಗಳಿಗೂ ಆಹಾರ ಬೇಕು. ಆದರೆ ದಡಾರದ ವೈರಸ್ ನೋಡಲು ಹೇಗಿದೆ ಎಂಬ ಗುರುತನ್ನು ಬಿಳಿ ರಕ್ತಕಣಗಳಿಗೆ ತೋರಿಸಿಕೊಡುವ ಕೆಲಸ ನಿಂಬೆಹಣ್ಣಿನಿಂದ ಆಗದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಲಸಿಕೆ ತಪ್ಪಲು ಹೆದರಿಕೆಯೊಂದೇ ಕಾರಣವಲ್ಲ. ಮಳೆ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ದುಡಿಯಲು ಗೋವಾಕ್ಕೆ, ಪುಣೆ-ಮುಂಬಯಿಗೆ, ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ, ಮನೆ ಕಟ್ಟುವ ಕೆಲಸಕ್ಕೆ ಬೆಂಗಳೂರು-ಮಂಗಳೂರಿಗೆ ಹೋಗುತ್ತವೆ. ದಡಾರದ ಮೊದಲ ಡೋಸ್ 9 ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಮೊದಲನೆಯದನ್ನು ತಾಂಡಾದಲ್ಲೋ ಹಳ್ಳಿಯಲ್ಲೋ ಹಾಕಿಸಿಕೊಂಡ ಕೂಸು ಎರಡನೆಯದರ ಹೊತ್ತಿಗೆ ಕಬ್ಬಿನ ಗದ್ದೆಯ ಪಕ್ಕದ ಜೋಪಡಿಯಲ್ಲಿರುತ್ತದೆ. 9 ತಿಂಗಳಿಗೆ ಹಾಕಿದ ಒಂದೇ ಡೋಸ್ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಕೊಡುತ್ತದೆ. ಉಳಿದ ಮಕ್ಕಳಿಗಾಗಿಯೇ ಎರಡನೆಯದು ಬೇಕು. ಆದ್ದರಿಂದ ಊರು ಬಿಡುವಾಗ ರೇಷನ್ ಕಾರ್ಡಿನ ಜತೆ, ಲಸಿಕೆಯ ತಾರೀಖು ಬರೆಯುವ ತಾಯಿ ಕಾರ್ಡನ್ನೂ ಗಂಟಿನಲ್ಲಿ ಕಟ್ಟಿಕೊಳ್ಳಬೇಕು. ಯಾವ ರಾಜ್ಯಕ್ಕೆ ಹೋದರೂ ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ.

ಲಸಿಕೆ ಹಾಕುವ ದಿನ ಅಂಗನವಾಡಿಗೆ ಹೋದರೆ ಒಂದು ಪುಟ್ಟ ವಿಜ್ಞಾನವನ್ನು ಕಣ್ಣಾರೆ ನೋಡಬಹುದು. ಸಿಸ್ಟರ್ ಹೆಗಲಿಗೆ ಒಂದು ನೀಲಿ ಡಬ್ಬಿ ನೇತುಹಾಕಿಕೊಂಡು ಬಂದಿರುತ್ತಾರೆ. ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆಯ ಸೀಸೆಗಳು. ಹೊರಗೆ ಏಪ್ರಿಲ್-ಮೇ ತಿಂಗಳ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದ್ದರೂ ಡಬ್ಬಿಯೊಳಗೆ 2ರಿಂದ 8 ಡಿಗ್ರಿ ಇರಬೇಕು. ಕೆಲವು ಲಸಿಕೆ ಬಿಸಿಗೆ ಕೆಡುತ್ತವೆ, ಕೆಲವು ಹೆಪ್ಪುಗಟ್ಟಿದರೂ ಕೆಡುತ್ತವೆ. ಡಬ್ಬಿ ಬಿಸಿಯಾಗಿರಲಿಲ್ಲ ಎಂದು ತಿಳಿಯುವುದು ಹೇಗೆ? ಸೀಸೆಯ ಲೇಬಲ್ಲಿನ ಮೇಲೋ ಮುಚ್ಚಳದ ಮೇಲೋ ಕಡಲೆಕಾಳಿಗಿಂತ ಚಿಕ್ಕದಾದ ಒಂದು ನೇರಳೆ ವೃತ್ತ, ಅದರೊಳಗೆ ತಿಳಿಬಣ್ಣದ ಒಂದು ಚೌಕ ಇರುತ್ತದೆ. ಸೀಸೆಗೆ ಶಾಖ ತಗುಲಿದಷ್ಟೂ ಆ ಚೌಕ ಕಪ್ಪೇರುತ್ತ ಹೋಗುತ್ತದೆ. ಮತ್ತೆ ಫ್ರಿಜ್ಜಿನಲ್ಲಿಟ್ಟರೂ ಅದು ತಿಳಿಯಾಗದು. ಚೌಕದ ಬಣ್ಣ ಸುತ್ತಲಿನ ವೃತ್ತದಷ್ಟೇ ಆಯಿತೆಂದರೆ ಆ ಸೀಸೆಯನ್ನು ಬಳಸುವುದಿಲ್ಲ. "ಸಿಸ್ಟರ್, ಚೌಕ ತೋರಿಸ್ರಿ" ಎಂದು ಕೇಳಿ, ತೋರಿಸುತ್ತಾರೆ. ದಡಾರದ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಅದಕ್ಕೆ ದ್ರವ ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯುತ್ತಾರೆ. ಸಿಸ್ಟರ್ ಸೀಸೆಯ ಮೇಲೆ ಹೊತ್ತು ಬರೆದುಕೊಳ್ಳುವುದು ಅದಕ್ಕೇ.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ, ಶಾಲೆಗಳಲ್ಲೂ ಸೇರಿ, 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ನಿಮ್ಮ ಅಣ್ಣಂದಿರನ್ನೋ ಅಕ್ಕಂದಿರನ್ನೋ ಕೇಳಿ, ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡದ್ದು ಅವರಿಗೆ ನೆನಪಿರಬಹುದು. ಆಗ ಮೊಬೈಲಿನಲ್ಲಿ ಏನೇನೋ ಸುಳ್ಳು ಸುದ್ದಿ ಹರಿದಾಡಿ ಕೆಲವು ಅಪ್ಪ-ಅಮ್ಮಂದಿರು ಹಿಂಜರಿದರು. ಸೂಜಿ ಚುಚ್ಚಿದ ಜಾಗ ಒಂದೆರಡು ದಿನ ನೋಯುವುದು, ಸಣ್ಣಗೆ ಜ್ವರ ಬರುವುದು ನಿಜ. ದೇಹ ಕಲಿಯುತ್ತಿರುವಾಗ ಹಾಗಾಗುತ್ತದೆ.

ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದವರು ಇದ್ದರೆ ಉಳಿದವರು ದಡಾರದ ಲಸಿಕೆ ಹಾಕಿಸಿಕೊಳ್ಳಲು ಅಂಜಬೇಕಿಲ್ಲ. ಅದು ಹಾಕಿಸಿಕೊಂಡವರಿಂದ ಬೇರೆಯವರಿಗೆ ಹರಡುವುದಿಲ್ಲ. ಪೋಲಿಯೊ ಹನಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಹನಿಯಲ್ಲಿರುವ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರ ಹೊರಬೀಳುತ್ತದೆ. ಅಂಥ ಮನೆಯ ಕೂಸಿಗೆ ಹನಿಯೋ ಸೂಜಿಯೋ ಎಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಬೇಕು.

ಇನ್ನೊಂದು ಕೆಲಸ ನೀವೇ ಮಾಡಬಹುದು. ನಿಮ್ಮ ತಾಯಿ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆಸಿ, ದಡಾರದ ಎದುರಿನ ಎರಡೂ ಮನೆಗಳಲ್ಲಿ ತಾರೀಖು ಬರೆದಿದೆಯೇ ನೋಡಿ. ತಮ್ಮ ತಂಗಿಯರದನ್ನೂ ನೋಡಿ. 5 ವರ್ಷದೊಳಗಿನ ಮಕ್ಕಳಿಗೆ ತಪ್ಪಿದ ಡೋಸನ್ನು ಆಶಾ ಅಕ್ಕನಿಗೆ ಹೇಳಿದರೆ ಹಾಕಿಸುತ್ತಾರೆ. ನೀವು ದೊಡ್ಡವರಾಗಿದ್ದು ಕಾರ್ಡಿನ ಆ ಮನೆ ಖಾಲಿ ಇದ್ದರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರನ್ನು ಕೇಳಿ. 10 ತುಂಬಿದವರಿಗೆ ಟಿಡಿ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಒಮ್ಮೊಮ್ಮೆ ಕಾಯಿಲೆ ಒಳಗೆ ನುಸುಳುತ್ತದೆ. ಶ್ರಾವಣದಲ್ಲಿ ಬಾಗೇವಾಡಿಯ ಜಾತ್ರೆಗೆ ಹೋಗಿ ಬಂದ ನಿಮ್ಮ ತಮ್ಮನಿಗೆ ದದ್ದು ಎದ್ದಿತು, ಅಥವಾ ಮದುವೆಮನೆಯಿಂದ ಬಂದ ತಂಗಿಗೆ ಸೀತಾಳೆಯ ನೀರುಗುಳ್ಳೆ ಬಂತು ಎಂದುಕೊಳ್ಳಿ. ಆಗ ಮುಚ್ಚಿಡಬೇಡಿ, ನಾಚಿಕೊಳ್ಳಬೇಡಿ. ಮೇಷ್ಟ್ರಿಗೆ ಹೇಳಿ, ಆ ಹುಡುಗಿಯ ಮನೆಗೆ ಫೋನ್ ಮಾಡಿಸಿ. ನೀವೇ ಅವಳ ಮನೆಗೆ ಓಡಬೇಡಿ. ದಡಾರದ ರೋಗಿಯ ಹತ್ತಿರ ಇದ್ದ ಬಲಹೀನ ಮಗುವಿಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ, ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯಗಳನ್ನು ಕೊಟ್ಟು ಕಾಪಾಡಬಹುದು. ಆದರೆ ಅದನ್ನು ಆರು ದಿನದೊಳಗೆ ಕೊಡಬೇಕು. ಸೀತಾಳೆಗೂ ಅಂಥದ್ದೇ ಉಪಾಯವಿದೆ, ಅದೂ ಬೇಗ ಕೊಟ್ಟಷ್ಟು ಒಳ್ಳೆಯದು. ಆರು ದಿನದ ಲೆಕ್ಕ ಶುರುವಾಗುವುದು ದದ್ದು ಕಂಡ ದಿನದಿಂದಲ್ಲ, ಆ ಹುಡುಗಿ ರೋಗಿಯ ಜತೆಗೆ ಕೂತು ಆಡಿದ ದಿನದಿಂದ. ಅಷ್ಟರಲ್ಲಿ ಅವಳ ಅಪ್ಪ-ಅಮ್ಮ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಬೇಕು, ಔಷಧಿ ಎಲ್ಲಿದೆ ಎಂದು ಹುಡುಕಬೇಕು. ಹಾಗಾಗಿ ದದ್ದು ಸೋಮವಾರ ಕಂಡರೆ ಸೋಮವಾರವೇ ಹೇಳಿ.